ಸಂಕಮ್ಮನ ಮುಂದೆ ಎರಡು ಗುಂಡಿ

ಅನಿಮೇಷನ್ ಕಲಿಯಲು ಹೋದವರ ಕೈಗೆ ಮೊದಲು ಸಿಗುವುದು ಒಂದು ಚೆಂಡು. ಅದನ್ನು ಬೀಳಿಸಬೇಕು, ಪುಟಿಸಬೇಕು, ಪುಟಿದಷ್ಟೂ ಎತ್ತರ ತಗ್ಗಿಸುತ್ತ ಕೊನೆಗೆ ನೆಲದ ಮೇಲೆ ನಿಲ್ಲಿಸಬೇಕು. ನೆಲ ಮುಟ್ಟಿದಾಗ ಚಪ್ಪಟೆ, ಮೇಲೇಳುವಾಗ ಉದ್ದ. ಡಿಸ್ನಿ ಸ್ಟುಡಿಯೋದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ‘ದಿ ಇಲ್ಯೂಷನ್ ಆಫ್ ಲೈಫ್’ ಪುಸ್ತಕದಲ್ಲಿ ಕೊಟ್ಟ ಹನ್ನೆರಡು ಸೂತ್ರಗಳಲ್ಲಿ ಮೊದಲನೆಯದು ಇದೇ. ಮುಖವಿಲ್ಲದ, ಕೈಕಾಲಿಲ್ಲದ ವಸ್ತುವಿಗೂ ತೂಕ ಬರುವುದು ಎರಡು ಚಿತ್ರಗಳ ನಡುವಿನ ಅಂತರದಿಂದ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ಕಲಿಸುವ ಪಾಠ ಸಿಗುವುದು ಕಷ್ಟ. ಚಿತ್ರ ಬರೆಯುವುದರಲ್ಲಿ ಪಳಗಿದವರನ್ನೂ ನೆಟ್ಟಗೆ ಗೆರೆ ಎಳೆಯಲು ಬಾರದವರನ್ನೂ ಅದು ಒಂದೇ ಬೆಂಚಿನ ಮೇಲೆ ಕೂರಿಸುತ್ತದೆ.

ಚೆಂಡಿನ ಬಗ್ಗೆ ನನ್ನ ತಕರಾರಿಲ್ಲ. ಚೆಂಡಾದ ಮೇಲೆ ಬರುವ ಹಿಟ್ಟಿನ ಮೂಟೆ, ಲೋಲಕ, ಬಾಲವಿರುವ ಚೆಂಡು ಇವುಗಳ ಬಗ್ಗೆ ಇದೆ. ಗುಂಡ್ಲುಪೇಟೆ ಕಡೆಯಿಂದ ಹೋದ ನನ್ನಂಥವರಿಗೆ ಅಷ್ಟೂ ಪಾಠಗಳನ್ನು ಒಟ್ಟಿಗೆ ಕಲಿಸಬಲ್ಲ ವಸ್ತು ಊರಿನಲ್ಲೇ ಇತ್ತು. ಅದು ಬೀಸು ಕಂಸಾಳೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ, ದಾರದ ತುದಿಗೆ ಕುಚ್ಚು. ಮಲೆ ಮಾದೇಶ್ವರನ ಕತೆ ಹಾಡುವ ದೇವರಗುಡ್ಡರು ಕುಣಿಯುತ್ತ ಬೀಸಿದರೆ ಚಪ್ಪಟೆ ತಾಳ ತಲೆ ಸುತ್ತಿ, ಬೆನ್ನ ಹಿಂದಕ್ಕೆ ಹೋಗಿ, ಮಂಡಿಯ ಅಡಿಯಿಂದ ತೂರಿ ಬಂದು ಬಟ್ಟಲಿಗೆ ಬಡಿಯುತ್ತದೆ. ಬೀಸುವ ಮುಂಚೆ ಭುಜ ತುಸು ಹಿಂದಕ್ಕೆ ಸರಿಯುತ್ತದೆ. ತಾಳ ಕಮಾನಿನ ದಾರಿಯಲ್ಲೇ ಸಾಗುತ್ತದೆ. ಅದು ಬಡಿದು ನಿಂತ ಮೇಲೂ ಕುಚ್ಚು ಇನ್ನೊಂದಿಷ್ಟು ಓಲಾಡಿ ನಿಲ್ಲುತ್ತದೆ. ಹನ್ನೆರಡು ಸೂತ್ರಗಳಲ್ಲಿ ಮೂರು ಇಲ್ಲಿ ಒಂದೇ ಬೀಸಿನಲ್ಲಿ ಸಿಕ್ಕವು.

ತಾಂತ್ರಿಕವಾಗಿಯೂ ಇದು ಗಟ್ಟಿ ಪಾಠ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದು 12 ಚಿತ್ರಗಳಲ್ಲಿ ಸುಧಾರಿಸುವುದು ಈ ಕಸುಬಿನ ಹಳೆಯ ರೂಢಿ. ಕಂಸಾಳೆಯ ಬೀಸು ಅಷ್ಟಕ್ಕೆ ಒಗ್ಗುವುದಿಲ್ಲ. ತಾಳ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಮೂಡಿದಂತೆ ಕಾಣುತ್ತದೆ. ಪ್ರತಿ ಫ್ರೇಮಿಗೂ ಚಿತ್ರ ಬೇಕು. ಬಡಿತದ ಸದ್ದನ್ನು ತಾಳ ತಾಗಿದ ಫ್ರೇಮಿಗೇ ಇಟ್ಟರೆ ಯಾಕೋ ತಡವಾಗಿ ಬಡಿದಂತಿರುತ್ತದೆ. ತಾಗುವ ಚಿತ್ರವನ್ನು ಒಂದೆರಡು ಫ್ರೇಮ್ ಮುಂಚೆ ಇಟ್ಟಾಗ ಕಣ್ಣಿಗೂ ಕಿವಿಗೂ ಹೊಂದಿಕೆ ಬರುತ್ತದೆ.

ತಂತ್ರಾಂಶ ಸೋಲುವ ಜಾಗವನ್ನೂ ಕಂಸಾಳೆಯೇ ತೋರಿಸಿತು. ಒಂದು ಸುತ್ತು ಬರೆದು ಅದನ್ನೇ ಮತ್ತೆ ಮತ್ತೆ ಓಡಿಸುವ ಅನುಕೂಲ ಎಲ್ಲ ಅನಿಮೇಷನ್ ತಂತ್ರಾಂಶಗಳಲ್ಲೂ ಇದೆ. ನಡಿಗೆಯನ್ನು ಮಾಡುವುದು ಹಾಗೆಯೇ. ಕಂಸಾಳೆಯವರೂ ಅದೇ ಸುತ್ತನ್ನು ಮತ್ತೆ ಮತ್ತೆ ಹಾಕುತ್ತಾರೆ. ಆದರೆ ಹತ್ತನೆಯ ಸುತ್ತು ಮೊದಲನೆಯದರಂತೆ ಇರುವುದಿಲ್ಲ. ಲಯ ಏರಿರುತ್ತದೆ, ಬೆನ್ನು ಬಗ್ಗಿರುತ್ತದೆ, ಪಕ್ಕದವನ ಕಡೆ ಒಂದು ನೋಟ ಸೇರಿರುತ್ತದೆ. ತೆರೆಯ ಮೇಲೆ ಆ ಸುತ್ತು ತಿರುಗುವುದನ್ನು ಅರ್ಧ ನಿಮಿಷ ನೋಡಿದರೆ ಸಾಕು, ಯಂತ್ರ ಕಾಣತೊಡಗುತ್ತದೆ.

ಇನ್ನು ತುಟಿ ಚಲನೆ. ಮಾತಿಗೆ ಬಾಯಿ ಹೊಂದಿಸಲು ಇಂದಿಗೂ ಬಳಸುವುದು ಅಮೆರಿಕದ ಅನಿಮೇಟರ್ ಪ್ರೆಸ್ಟನ್ ಬ್ಲೇರ್ ಜನಪ್ರಿಯಗೊಳಿಸಿದ ಬಾಯಿ ಆಕಾರಗಳ ಪಟ್ಟಿ, ಅಥವಾ ಅದರ ಮರಿಗಳು. ಇಂಗ್ಲಿಷಿಗೆ ಅದು ಸೊಗಸಾಗಿ ಹೊಂದುತ್ತದೆ. ಕನ್ನಡಕ್ಕೆ ಹಾಕಿದರೆ ಎರಡು ಕಡೆ ಎಡವುತ್ತದೆ. ಒಂದು, ನಮ್ಮ ಮಾತುಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಪದದ ಕೊನೆಗೆ ಬಾಯಿ ಮುಚ್ಚಿಸಿದರೆ ಪಾತ್ರ ಅವಸರದಲ್ಲಿ ಮಾತು ನುಂಗಿದಂತೆ ಕಾಣುತ್ತದೆ. ಇನ್ನೊಂದು, ಒತ್ತಕ್ಷರ. ‘ಅಮ್ಮ’, ‘ಮಾದಪ್ಪ’ ಎನ್ನುವಾಗ ತುಟಿ ಮುಚ್ಚಿ ಒಂದು ಕ್ಷಣ ತಡೆಯುತ್ತದೆ. ಆ ತಡೆಗೆ ಕೆಲವು ಫ್ರೇಮ್ ಹೆಚ್ಚು ಕೊಡದಿದ್ದರೆ ಸದ್ದು ಮಾದಪ್ಪ ಎಂದರೂ ತುಟಿ ‘ಮಾದಪ’ ಎನ್ನುತ್ತದೆ. ನಮ್ಮ ಕಡೆ ‘ಮನೆ’ ಮನ ಆಗುತ್ತದೆ, ‘ಕತೆ’ ಕತ ಆಗುತ್ತದೆ. ಆ ಕೊನೆಯ ಅಗಲ ಬಾಯಿಗೆ ಪಟ್ಟಿಯಲ್ಲಿ ಚಿತ್ರವಿದೆ, ಅದನ್ನು ಯಾವಾಗ ಹಾಕಬೇಕೆಂದು ಹೇಳುವ ಪುಸ್ತಕವಿಲ್ಲ. ಮಾಡುತ್ತಲೇ ಕಲಿಯೋಣವೆಂದರೆ, ಕನ್ನಡದ ಮನೆಮನೆಗೂ ಗೊತ್ತಿರುವ ಗೋವಿನ ಕತೆಯೇ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿ ಬಂದದ್ದು ಸಂಸ್ಕೃತದಲ್ಲಿ: ವಿ. ರವಿಶಂಕರ್ ಅವರ ‘ಪುಣ್ಯಕೋಟಿ’, 2020. ಆ ಸಾಹಸದ ಬಗ್ಗೆ ಗೌರವವಿದೆ, ಹೊಟ್ಟೆಕಿಚ್ಚೂ ಇದೆ.

ಸಲಕರಣೆಗಳ ಬಗ್ಗೆ ಹೆಚ್ಚು ಗೋಳಾಡುವಂತಿಲ್ಲ. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಅವರ ಮಾತೇ ಇಲ್ಲದ ‘ಫ್ಲೋ’ 2025ರಲ್ಲಿ ಆಸ್ಕರ್ ಗೆದ್ದಿತು. ಅದನ್ನು ಮಾಡಿದ್ದು ಬ್ಲೆಂಡರ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ. ಅದೇ ತಂತ್ರಾಂಶವನ್ನು ನಮ್ಮ ಕಡೆಯ ತೆರಕಣಾಂಬಿಯಲ್ಲಿ ಕೂತೂ ಇಳಿಸಿಕೊಳ್ಳಬಹುದು. ಕರ್ನಾಟಕ 2012ರಲ್ಲೇ ಈ ಉದ್ಯಮಕ್ಕೆಂದು ನೀತಿ ತಂದಿತು. ಸ್ಟುಡಿಯೋಗಳು ಮಾತ್ರ ಬೆಂಗಳೂರು ಬಿಟ್ಟು ಹೆಚ್ಚು ದೂರ ಕದಲಲಿಲ್ಲ. ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಹಳೆಯ ಕಡತವನ್ನು ಇಂಥ ತಂತ್ರಾಂಶಗಳಿಗೆ ಅಂಟಿಸಿದರೆ ಕನ್ನಡದ ಬದಲು ಏನು ಮೂಡುತ್ತದೆಂದು ಕನ್ನಡದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು.

ನಿಜವಾದ ಜಗಳ ಶುರುವಾಗುವುದು ಇಂಟರಾಕ್ಟಿವ್ ಕಥನದ ತರಗತಿಯಲ್ಲಿ. ಇಲ್ಲಿನ ಸಲಕರಣೆ ಟ್ವೈನ್. ಕ್ರಿಸ್ ಕ್ಲೈಮಾಸ್ 2009ರಲ್ಲಿ ಬಿಟ್ಟದ್ದು. ಕತೆಯನ್ನು ತುಂಡು ತುಂಡಾಗಿ ಬರೆದು, ತುಂಡಿನಿಂದ ತುಂಡಿಗೆ ಕೊಂಡಿ ಹಾಕಬೇಕು. ಓದುವವರು ಕವಲಿನಲ್ಲಿ ನಿಂತು ಒಂದನ್ನು ಆರಿಸುತ್ತಾರೆ. ಇಡೀ ಕತೆ ನಕ್ಷೆಯಂತೆ ಕಣ್ಣೆದುರು ಹರಡಿಕೊಳ್ಳುವುದರಿಂದ ರಚನೆಯ ಬಗ್ಗೆ ಯೋಚಿಸಲು ಇದು ಒಳ್ಳೆಯ ಸಾಧನ. ತೊಂದರೆಯೆಂದರೆ, ಕವಲಿಲ್ಲದ ಕಡೆ ಕೇಳುಗನಿಗೆ ಕೆಲಸವಿಲ್ಲ ಎಂಬ ನಂಬಿಕೆಯನ್ನು ಇದು ಸದ್ದಿಲ್ಲದೆ ಕಲಿಸುತ್ತದೆ. 2018ರ ‘ಬ್ಯಾಂಡರ್‌ಸ್ನ್ಯಾಚ್’ ಚಿತ್ರ ಬಂದ ಮೇಲಂತೂ ಆ ನಂಬಿಕೆ ಶಾಸನವೇ ಆಗಿದೆ: ಕೆಲವೇ ಸೆಕೆಂಡುಗಳಲ್ಲಿ ಎಡವೋ ಬಲವೋ ಒತ್ತಿ, ಇಲ್ಲವೇ ಚಿತ್ರವೇ ನಿಮ್ಮ ಪರವಾಗಿ ಒತ್ತಿಕೊಳ್ಳುತ್ತದೆ.

ನಮಗೆ ಸ್ಥಳೀಯ ಕತೆಯೊಂದನ್ನು ಆರಿಸಿಕೊಳ್ಳಲು ಹೇಳಿದ್ದರು. ಚಾಮರಾಜನಗರ ಜಿಲ್ಲೆಯವರಿಗೆ ಕತೆಯ ಬರವೇ? ಚಿಕ್ಕಲ್ಲೂರಿನ ಸಿದ್ದಪ್ಪಾಜಿ, ಅವನ ಗುರು ಮಂಟೇಸ್ವಾಮಿ ಒಂದು ಕಡೆ; ಹನೂರು ತಾಲ್ಲೂಕಿನ ಏಳು ಮಲೆಗಳ ಮಾದಪ್ಪ, ಅಂದರೆ ಮಾದೇಶ್ವರ, ಇನ್ನೊಂದು ಕಡೆ. ಸಹಪಾಠಿಗಳ ಗುಂಪೊಂದು ಮಾದೇಶ್ವರ ಕಾವ್ಯದಿಂದ ಸಂಕಮ್ಮನ ಸಾಲನ್ನು, ಅಂದರೆ ಅವಳ ಕತೆಯ ಭಾಗವನ್ನು, ತೆಗೆದುಕೊಂಡಿತು. ಪಿ.ಕೆ. ರಾಜಶೇಖರ 1973ರಲ್ಲಿ ಈ ಕಾವ್ಯವನ್ನು ಪುಸ್ತಕವಾಗಿ ತಂದರು. ಮುಂದೆ ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ ಪಠ್ಯವನ್ನು ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಹಾಡುವವರಿಂದ ಹಾಡುವವರಿಗೆ ವಿವರ ಬದಲಾದರೂ ಕತೆಯ ಮೂಳೆ ಒಂದೇ. ಸಂಕಮ್ಮನ ಗಂಡ ನೀಲೇಗೌಡ ತಿಂಗಳುಗಟ್ಟಲೆ ಕಾಡಿಗೆ ಹೋಗಬೇಕು. ಮಕ್ಕಳಿಲ್ಲದ ಚೆಲುವೆ ಹೆಂಡತಿಯ ಮೇಲೆ ಅನುಮಾನ. ಪರಪುರುಷನನ್ನು ನೋಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಡುತ್ತಾನೆ, ಆಗಲೂ ಕೊಡುವುದಿಲ್ಲ. ಅವಳನ್ನು ಗುಡಿಸಲಲ್ಲಿ ಬಂಧಿಸಿ ಹೋಗುತ್ತಾನೆ. ಜಂಗಮನ ವೇಷದಲ್ಲಿ ಭಿಕ್ಷೆಗೆ ಬಂದ ಮಾದಪ್ಪ ಅವಳಿಗೆ ಕಾರಯ್ಯ ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳನ್ನು ಕರುಣಿಸುತ್ತಾನೆ.

ಆ ಗುಂಪಿನ ಕೆಲಸದಲ್ಲಿ ಚಿತ್ರಗಳು ಚೆನ್ನಾಗಿದ್ದವು. ಬಿದಿರು ಮೆಳೆಯ ನೆರಳು ತೊಗಲುಗೊಂಬೆಯ ಪರದೆಯ ಹಾಗೆ ಅಲುಗುತ್ತಿತ್ತು. ಭಾಷೆ ಕೇಳುವ ಜಾಗಕ್ಕೆ ಬಂದಾಗ ಸಂಕಮ್ಮನ ಮುಂದೆ ಎರಡು ಗುಂಡಿ: ‘ಭಾಷೆ ಕೊಡು’, ‘ಕೊಡಬೇಡ’. ಕೊಟ್ಟರೆ ನೀಲೇಗೌಡ ನಗುತ್ತ ಕಾಡಿಗೆ ಹೋಗುತ್ತಾನೆ, ಎರಡು ತುಂಡಿನಲ್ಲಿ ಆಟ ಮುಗಿಯುತ್ತದೆ. ಮಾದಪ್ಪ ಬರುವುದೇ ಇಲ್ಲ. ಕೊಡದಿದ್ದರೆ ಕತೆ ಮುಂದುವರಿಯುತ್ತದೆ. ತರಗತಿ ಮೆಚ್ಚಿತು.

ಮೆಚ್ಚಲು ನನಗಾಗಲಿಲ್ಲ. ಸಂಕಮ್ಮನ ಸಾಲು ನಿಂತಿರುವುದೇ ‘ಇದನ್ನು ಆರಿಸು, ಇಲ್ಲವೇ ಅದನ್ನು ಆರಿಸು’ ಎಂದು ಕೇಳುವ ಹಕ್ಕು ಗಂಡನಿಗೆ ಇಲ್ಲ ಎಂಬುದರ ಮೇಲೆ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು? ಗುಂಡಿ ಇಟ್ಟ ಕೂಡಲೇ ನೀಲೇಗೌಡನ ಪ್ರಶ್ನೆ ನ್ಯಾಯವಾದ ಪ್ರಶ್ನೆಯಾಗಿಬಿಡುತ್ತದೆ. ಆಟ ಆಡುವವರು ಅವನ ಪಕ್ಕ ನಿಂತು ಉತ್ತರಕ್ಕೆ ಕಾಯುತ್ತಾರೆ. ಅವಳ ನಿರಾಕರಣೆ ಶೇಕಡಾ ಐವತ್ತರ ಒಂದು ಸಾಧ್ಯತೆಗೆ ಇಳಿಯುತ್ತದೆ. ಊರಿಗೆ ಹೋದಾಗ ಇದನ್ನು ಫೋನಿನಲ್ಲಿ ಅಜ್ಜಿಗೆ ತೋರಿಸಿ, ಯಾವುದನ್ನು ಒತ್ತಲಿ ಎಂದು ಕೇಳಿದೆ. “ಅವ ಕೊಡ್ನಿಲ್ಲ ಕನ ಮಗ, ಮುಂದಕ ನಡಿ” ಎಂದರು. ಗುಂಡಿ ಯಾಕಿದೆ ಎಂಬುದೇ ಅವರಿಗೆ ಅರ್ಥವಾಗಲಿಲ್ಲ.

ಹಾಗಾದರೆ ಹಾಡಿಕೆಯಲ್ಲಿ ಕೇಳುಗರ ಪಾಲು ಏನೂ ಇಲ್ಲವೆ? ಟ್ವೈನ್ ನಕ್ಷೆಯಲ್ಲಿ ಹಿಡಿಯಲಾಗದಷ್ಟು ಇದೆ. ಕಾವ್ಯ ಸಾಲುಗಳಾಗಿ ಬಿಡಿಬಿಡಿಯಾಗಿದೆ: ಶ್ರವಣನದು, ಜುಂಜೇಗೌಡನದು, ಇಕ್ಕೇರಿ ದೇವಮ್ಮನದು, ಸಂಕಮ್ಮನದು. ಯಾವ ರಾತ್ರಿ ಯಾವುದನ್ನು ಹಾಡಬೇಕು ಎಂಬುದನ್ನು ಹಾಡಿಸುವ ಮನೆ ಹೇಳಬಹುದು, ಕೂತವರು ಕೇಳಬಹುದು. ಸಾಲು ಎಷ್ಟು ಹಿಗ್ಗಬೇಕು, ಎಲ್ಲಿ ನಗೆಚಾಟಿಕೆ ನುಗ್ಗಬೇಕು ಎಂಬುದು ಎದುರಿಗಿರುವವರ ಮುಖ ನೋಡಿ ನಿರ್ಧಾರವಾಗುತ್ತದೆ. ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳದೆ ಮುಂದಿನ ನುಡಿಯಿಲ್ಲ. ಫಲಿತಾಂಶ ಯಾರ ಕೈಯಲ್ಲೂ ಇಲ್ಲ. ವೇಗ, ವಿಸ್ತಾರ, ಉಸಿರು ಎಲ್ಲರ ಕೈಯಲ್ಲೂ ಇದೆ.

ಹೊರಗಿನವರಲ್ಲಿ ಇದರ ಹತ್ತಿರ ಬಂದವರಿದ್ದಾರೆ. ಅಲಾಸ್ಕಾದ ಇನ್ಯೂಪಿಯಾಕ್ ಸಮುದಾಯದ ಜೊತೆ ಸೇರಿ ಮಾಡಿದ ‘ನೆವರ್ ಅಲೋನ್’ ಎಂಬ 2014ರ ಆಟದಲ್ಲಿ ಕತೆಯನ್ನು ಆ ಭಾಷೆಯಲ್ಲೇ ಹಿರಿಯರೊಬ್ಬರ ದನಿ ಹೇಳುತ್ತದೆ. ಆಡುತ್ತ ಹೋದಂತೆ ಸಮುದಾಯದವರು ತಮ್ಮ ಬದುಕಿನ ಬಗ್ಗೆ ಮಾತಾಡುವ ತುಣುಕುಗಳು ತೆರೆದುಕೊಳ್ಳುತ್ತವೆ. ಹಾರುವ ಓಡುವ ಭಾಗ ಸಾಧಾರಣ. ಆದರೂ ಕೊನೆಯನ್ನು ಬದಲಿಸುವ ಆಮಿಷ ಒಡ್ಡದೆ ಕೈಗೆ ಕೆಲಸ ಕೊಡಬಹುದೆಂದು ಅದು ತೋರಿಸಿಕೊಟ್ಟಿದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಆಟದಲ್ಲಿ ಕಣ್ಣು ಕೀಲಿಸುವುದು ನೆರಳುಗೊಂಬೆಯ ದೃಶ್ಯಗಳು. ವಿಚಿತ್ರವೆಂದರೆ ಆ ದೃಶ್ಯಗಳು ಬಂದಾಗ ಆಡುವವರು ಕೈಕಟ್ಟಿ ನೋಡಬೇಕು. ಗೊಂಬೆ ಮುಗಿದ ಮೇಲೆ ಮತ್ತೆ ಬಡಿದಾಟ. ಪರಂಪರೆ ನೋಡಲಿಕ್ಕೆ, ಆಟ ಬಡಿದಾಡಲಿಕ್ಕೆ ಎಂದು ಮನೆ ಪಾಲಾದಂತಿದೆ.

ಅದೇ ಸಂಕಮ್ಮನ ಸಾಲಿಗೆ ನಾನು ಮಾಡಿದ ಕಟ್ಟಣೆಯಲ್ಲಿ ಆಡುವವರು ಸಂಕಮ್ಮನಲ್ಲ, ಮಾದಪ್ಪನೂ ಅಲ್ಲ. ದೇವರನ್ನು ಬಾಣದ ಗುರುತಿನ ಕೀಲಿಗಳಿಂದ ನಡೆಸುವುದು ನನಗೆ ಒಗ್ಗಲಿಲ್ಲ. ದೇವರಗುಡ್ಡರಾಗಿ ಹಾಡಲು ಗುರುವಿನಿಂದ ದೀಕ್ಷೆ ಪಡೆಯಬೇಕಿರುವಾಗ ಆಡುವವರಿಗೆ ಮುಖ್ಯ ಹಾಡುಗಾರನ ಜಾಗ ಕೊಡುವುದೂ ಸರಿಯೆನಿಸಲಿಲ್ಲ. ಅವರು ಹಿಮ್ಮೇಳದ ಕೊನೆಯವರು. ಒಂದೇ ಗುಂಡಿ. ಒತ್ತಿದರೆ ‘ಉಘೇ’ ಎನ್ನುತ್ತದೆ, ಹಾಡು ಮುಂದಕ್ಕೆ ಹೋಗುತ್ತದೆ. ಲಯಕ್ಕೆ ಒತ್ತಿದರೆ ಬಿಗಿಯಾಗಿ, ತಡವಾಗಿ ಒತ್ತಿದರೆ ಹಾಡುಗಾರ ಅದೇ ನುಡಿಯನ್ನು ಎಳೆದು, ಚಿತ್ರಗಳು ಹೊಸ ವಿವರ ತುಂಬಿಕೊಳ್ಳುತ್ತ ಕಾಯುತ್ತವೆ. ಎಳೆಯುವ ಆ ಭಾಗಕ್ಕೆ ಪುನರಾವರ್ತನೆಯ ಸುತ್ತನ್ನು ಬಳಸದೆ, ಪ್ರತಿ ಬಾರಿಯೂ ಬೇರೆ ಬೇರೆ ಚಿತ್ರ ಬರೆಯಬೇಕಾಯಿತು. ಕೆಲಸ ಬಹುಪಾಲು ಅಲ್ಲೇ ಹೋಯಿತು.

ಇದು ಗೆದ್ದಿದೆ ಎನ್ನಲಾರೆ. ಮೊದಲ ಭಾಗದಲ್ಲಿ ಒತ್ತುವುದು ಬೇಗ ಅಭ್ಯಾಸವಾಗಿ, ಹಿಮ್ಮೇಳದ ಜೀವಂತಿಕೆ ಗಡಿಯಾರದ ಟಿಕ್‌ಟಿಕ್‌ಗೆ ಇಳಿಯುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಕೂತಿಲ್ಲದ ಹಿಮ್ಮೇಳ ಹಿಮ್ಮೇಳವೇ ಅಲ್ಲ ಎಂಬ ಆಕ್ಷೇಪಕ್ಕೂ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ನೀಲೇಗೌಡ ಹಿಂಸೆಗೆ ಇಳಿಯುವ ಜಾಗದಲ್ಲಿ ನಾನು ಲೆಕ್ಕ ಹಾಕದಿದ್ದುದೊಂದು ನಡೆಯಿತು. ಆಡುತ್ತಿದ್ದವರಲ್ಲಿ ಹಲವರು ಒತ್ತುವುದನ್ನು ನಿಲ್ಲಿಸಿದರು. ಒತ್ತಿದರೆ ಹೊಡೆತ ಮುಂದುವರಿಯುತ್ತದೆ, ಒತ್ತದಿದ್ದರೆ ಅವಳು ಅಲ್ಲೇ ಇರುತ್ತಾಳೆ, ಮಾದಪ್ಪ ಬರುವುದಿಲ್ಲ. ಒಬ್ಬಾಕೆ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಟೀ ಕುಡಿದು ಬಂದು ಆಮೇಲೆ ಒತ್ತಿದಳು. ಎರಡು ಗುಂಡಿಯ ಆಟದಲ್ಲಿ ಇಷ್ಟು ಹೊತ್ತು ಯಾರೂ ಯೋಚಿಸಿರಲಿಲ್ಲ. ಅಲ್ಲಿ ‘ಕೊಡಬೇಡ’ ಒತ್ತಿ ಸರಿಯಾದ ಉತ್ತರ ಕೊಟ್ಟ ಸಮಾಧಾನದಲ್ಲಿ ಮುಂದೆ ಹೋಗುತ್ತಿದ್ದರು.

ಮೌಲ್ಯಮಾಪನದ ಹಾಳೆಯಲ್ಲಿ ಕವಲುಗಳ ಸಂಖ್ಯೆಗೊಂದು ಕಾಲಂ, ಮುಕ್ತಾಯಗಳ ಸಂಖ್ಯೆಗೊಂದು ಕಾಲಂ ಇತ್ತು. ನನ್ನ ಕೆಲಸಕ್ಕೆ ಮೊದಲನೆಯದರಲ್ಲಿ ಸೊನ್ನೆ, ಎರಡನೆಯದರಲ್ಲಿ ಒಂದು ಎಂದು ಬರೆದರು. ಎಣಿಕೆ ಸರಿಯಾಗಿಯೇ ಇದೆ. ಆ ಹಾಳೆಯನ್ನು ತಿದ್ದುವ ಅವಕಾಶ ಸಿಕ್ಕರೆ ಎರಡನ್ನೂ ತೆಗೆಯುವುದಿಲ್ಲ. ಕವಲೊಡೆಯಬೇಕಾದ ಕತೆಗಳೂ ಇವೆ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಆಡುವವರು ಎಲ್ಲಿ ಕೈ ತೆಗೆದರು ಮತ್ತು ಆಗ ಆಟ ಅವರಿಗಾಗಿ ಎಷ್ಟು ಹೊತ್ತು ಕಾದಿತು ಎಂದು ಬರೆಯಲು ಹೇಳುತ್ತೇನೆ.