ಸಾದಲಿಯಲ್ಲಿ ನಾರ್ಮನ್ ಲೂಯಿಸ್

ನಾರ್ಮನ್ ಲೂಯಿಸನ ‘ವರ್ಡ್ ಪವರ್ ಮೇಡ್ ಈಸಿ’ 1949ರಲ್ಲಿ ಅಮೆರಿಕದಲ್ಲಿ ಹೊರಬಂದ ಪುಸ್ತಕ. ನಮ್ಮಲ್ಲಿ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕೂರುವ ಹುಡುಗರು ಇಂದಿಗೂ ಅದನ್ನು ಹಿಡಿದು ಓಡಾಡುತ್ತಾರೆ. ಜೊತೆಗೆ ಕೋಚಿಂಗಿನವರು ಕೊಟ್ಟ ಕ್ಸೆರಾಕ್ಸ್ ಪಟ್ಟಿಯೊಂದು ಇರುತ್ತದೆ. ಸಾದಲಿಯ ನಮ್ಮ ಬಂಧುಗಳ ಹುಡುಗಿಯೊಬ್ಬಳಿಗೆ ಒಂದು ಬೇಸಿಗೆ ಇವೆರಡನ್ನೂ ಓದಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಪಟ್ಟಿಯ ವಿಚಾರ. ಅದರಲ್ಲಿ ಲೊಕ್ವೇಷಸ್, ಗ್ಯಾರುಲಸ್, ವಾಲ್ಯುಬಲ್ ಮೂರಕ್ಕೂ ಒಂದೇ ಅರ್ಥ: ಹೆಚ್ಚು ಮಾತಾಡುವವನು. ಕನ್ನಡದ ವಾಗ್ಮಿ, ಮಾತುಗಾರ, ವಾಚಾಳಿ, ಬಾಯಿಬಡುಕ ಎಲ್ಲರೂ ಹೆಚ್ಚು ಮಾತಾಡುವವರೇ. ಹಾಗೆಂದು ಊರಿಗೆ ಬಂದ ಭಾಷಣಕಾರರನ್ನು ಬಾಯಿಬಡುಕರೆಂದು ಪರಿಚಯಿಸಲಾದೀತೇ? ಪಟ್ಟಿಯನ್ನು ನಂಬಿದ ಹುಡುಗಿ ತನ್ನ ಮೇಷ್ಟರನ್ನು ಹೊಗಳಲು ಹೋಗಿ ಪ್ರಬಂಧದಲ್ಲಿ ಅವರನ್ನು ‘ಗ್ಯಾರುಲಸ್’ ಎಂದು ಬರೆದಿದ್ದಳು. ಪಟ್ಟಿಯ ಪ್ರಕಾರ ಅರ್ಥ ಸರಿ. ಮೇಷ್ಟರ ಮರ್ಯಾದೆ ಮಾತ್ರ ಹೋಗಿತ್ತು.

ಲೂಯಿಸ್ ಇಂಥ ಕೆಲಸ ಮಾಡುವವನಲ್ಲ. ಮಾತಿನ ಅಭ್ಯಾಸಗಳನ್ನು ಕುರಿತ ಅಧ್ಯಾಯದಲ್ಲಿ ಈ ಪದಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ ಒಂದೊಂದರ ಗುಣವನ್ನು ಬೇರೆಯಾಗಿಯೇ ಹೇಳುತ್ತಾನೆ. ಗ್ಯಾರುಲಸ್ ಎಂದರೆ ಹುರುಳಿಲ್ಲದ್ದನ್ನು ಎಳೆದೆಳೆದು ಹೇಳುವವನು. ವಾಲ್ಯುಬಲ್ ಎಂದರೆ ತಡವರಿಸದೆ ಸರಾಗವಾಗಿ ಮಾತಾಡುವವನು. ಆಮೇಲೆ ‘ಮಾತಾಡು’ ಎಂಬ ಅರ್ಥದ ಲ್ಯಾಟಿನ್ ಧಾತುವನ್ನು ತೋರಿಸಿ ಲೊಕ್ವೇಷಸ್‌ನಿಂದ ಸಾಲಿಲಕ್ವಿಗೆ, ಅಲ್ಲಿಂದ ವೆಂಟ್ರಿಲಕ್ವಿಸ್ಟ್‌ಗೆ ಕರೆದೊಯ್ಯುತ್ತಾನೆ.

ಈ ಬೇರಿನ ವಿದ್ಯೆ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಸಾದಲಿ ಹೋಬಳಿಯ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕಲಿಯುವುದು ಕನ್ನಡ. ಅಲ್ಲಿಯ ಪಾಲು ಇಲ್ಲಿ ಹಾಲು, ಪುಲಿ ಹುಲಿ, ಪಂದಿ ಹಂದಿ ಎಂಬ ಸೂತ್ರವನ್ನು ಯಾರೂ ಹೇಳಿಕೊಡದೆ ಮಗು ಕಂಡುಕೊಂಡಿರುತ್ತದೆ. ಕನ್ನಡದಲ್ಲಿ ‘ಪಾಲು’ ಎಂದರೆ ಬೇರೆಯೇ ಎಂಬ ಎಚ್ಚರವೂ ಅದಕ್ಕಿರುತ್ತದೆ. ‘ಅನಾರ್ಕಿ’ಯ ಮೊದಲಲ್ಲಿರುವ ‘ಅನ್’ ನಮ್ಮ ಅನಾರೋಗ್ಯದಲ್ಲೂ ಇದೆ, ಟೆಲಿಫೋನನ್ನು ಒಡೆದರೆ ದೂರವಾಣಿಯೇ ಸಿಗುತ್ತದೆ ಎಂದಾಗ ಹುಡುಗಿಯ ಗಾಬರಿ ಅರ್ಧ ಇಳಿಯಿತು.

ನನ್ನ ತಕರಾರು ಇರುವುದೂ ಇಲ್ಲೇ. ಲೂಯಿಸನ ಓದುಗ ಮನೆಯಲ್ಲಿ ಇಂಗ್ಲಿಷ್ ಆಡಿ ಬೆಳೆದವನು. ಸರಳ ಇಂಗ್ಲಿಷ್ ಬಂದೇ ಬರುತ್ತದೆಂದು ಹಿಡಿದು ಕಷ್ಟದ ಇಂಗ್ಲಿಷನ್ನು ಆತ ಕಲಿಸುತ್ತಾನೆ. ಒಂದು ಅಧ್ಯಾಯದಲ್ಲಿ ಹತ್ತು ಬಗೆಯ ವೈದ್ಯರ ಹೆಸರುಗಳಿವೆ. ತಜ್ಞ ವೈದ್ಯರೆಂದರೆ ಚಿಕ್ಕಬಳ್ಳಾಪುರಕ್ಕೋ ಬೆಂಗಳೂರಿಗೋ ಬಸ್ಸು ಹತ್ತುವ ಮನೆಯವಳಿಗೆ ಅವು ಬರೀ ಹೆಸರುಗಳು. ಅದೇ ಹುಡುಗಿಗೆ ‘ಹುಳು ಮೂರನೇ ಜ್ವರಕ್ಕೆ ಹೋಗಿದೆ’ ಎಂದರೆ ಅದು ಕಾಯಿಲೆಯಲ್ಲ, ಪೊರೆ ಬಿಡುವ ಹೊತ್ತು ಎಂದು ಗೊತ್ತು; ‘ಹಣ್ಣಾಯಿತು’ ಎಂದರೆ ಚಂದ್ರಿಕೆಗೆ ಬಿಡಬೇಕೆಂದು ಗೊತ್ತು. ಸೊಪ್ಪು ಹಾಕುತ್ತಾ ಕಲಿತ ಮಾತುಗಳವು, ಯಾವ ಪಟ್ಟಿಯಲ್ಲೂ ಓದಿದ್ದಲ್ಲ.

ಪರೀಕ್ಷೆ ನಡೆಸುವವರಿಗೂ ಇದು ತಡವಾಗಿ ಹೊಳೆದಂತಿದೆ. ಅಮೆರಿಕದ ಸ್ಯಾಟ್ ಪರೀಕ್ಷೆ 2016ರಲ್ಲಿ ಬಿಟ್ಟ ಸ್ಥಳಕ್ಕೆ ಕಠಿಣ ಪದ ತುಂಬಿಸುವುದನ್ನು ಕೈಬಿಟ್ಟಿತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ದಾರಿಯಾದ ಕ್ಲ್ಯಾಟ್ 2008ರಲ್ಲಿ ಶುರುವಾಯಿತು. 2020ರಿಂದ ಅದು ಸುಮಾರು 450 ಪದಗಳ ಗದ್ಯಭಾಗ ಓದಿಸಿ ಪ್ರಶ್ನೆ ಕೇಳುತ್ತಿದೆ. ಪದದ ಅರ್ಥವನ್ನು ಈಗ ಗದ್ಯದೊಳಗೇ ಹುಡುಕಬೇಕು. ಪಟ್ಟಿ ಮಾರುವವರು ಮಾತ್ರ ಇದನ್ನು ಕೇಳಿಸಿಕೊಂಡಂತಿಲ್ಲ.

ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಕ್ಕೆ ಹುಟ್ಟನ್ನೂ ಬಳಕೆಯನ್ನೂ ಕೂಡಿಸಿ ಉತ್ತರಿಸುತ್ತಿದ್ದರು. ಇಂಗ್ಲಿಷ್ ಪದಗಳಿಗೆ ಅಂಥದೇ ಪುಸ್ತಕವೊಂದನ್ನು ಕನ್ನಡದಲ್ಲಿ ಯಾರಾದರೂ ಬರೆದರೆ, ಗ್ಯಾರುಲಸ್ ಯಾರು, ವಾಗ್ಮಿ ಯಾರು ಎಂದು ಸಾದಲಿಯ ಹುಡುಗಿ ತಾನೇ ತೀರ್ಮಾನಿಸಿಕೊಳ್ಳುತ್ತಾಳೆ. ಅಲ್ಲಿಯವರೆಗೆ ಲೂಯಿಸನನ್ನು ಓದಲಿ, ಆದರೆ ಪಕ್ಕದಲ್ಲಿ ಒಂದು ದಿನಪತ್ರಿಕೆಯೂ ಇರಲಿ.