ಕಂಬವೂ ಹರಹೂ: ಜಾರ್ಜರ ಕಾಲದ ಇಟ್ಟಿಗೆಯ ಕಟ್ಟಡಗಳನ್ನು ಕುರಿತು

ಇಂಗ್ಲೆಂಡಿನಲ್ಲಿ ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರಾದಮೇಲೊಬ್ಬರು ಆಳಿದ 1714ರಿಂದ 1830ರವರೆಗಿನ ಕಾಲದ ವಾಸ್ತುವಿಗೆ ಜಾರ್ಜಿಯನ್ ಶೈಲಿಯೆಂಬ ವ್ಯವಹಾರವುಂಟು. ಆ ಕಾಲದಲ್ಲಿ ಕನ್ನಡನಾಡಿನಲ್ಲಿ ಎದ್ದ ಮನೆಗಳ ವಿಷಯವನ್ನು ಬರೆಯುವವರು ಸಾಮಾನ್ಯವಾಗಿ ಮುಂಭಾಗದ ಕಂಬಗಳನ್ನು ನೋಡಿ, ಡೋರಿಕ್ ಎಂದೋ ಅಯೋನಿಕ್ ಎಂದೋ ಹೆಸರಿಟ್ಟು, ಪರಾನುಕರಣವೆಂದು ತೀರ್ಪಿತ್ತು ಬಿಡುತ್ತಾರೆ. ಈ ತೀರ್ಪು ಅರ್ಧಸತ್ಯವೆಂದು ನಮ್ಮ ಮತ.

ಮೂಲದ ಲಂಡನ್ ಪೇಟೆಮನೆಗೆ ಕಂಬವು ಲಕ್ಷಣವೇ ಅಲ್ಲ. 1666ರ ಮಹಾಗ್ನಿಯ ತರುವಾಯ ಅಲ್ಲಿ ಮರದ ಗೋಡೆಗಳಿಗೆ ನಿಷೇಧವಾಯಿತು. ಬೆಂಕಿಯ ಭಯದಿಂದಲೇ 1709ರ ಶಾಸನವು ಕಿಟಕಿಯ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಕ್ಕೆ ಸರಿಸಬೇಕೆಂದು ವಿಧಿಸಿತು. 1775ರಿಂದ ಕಟ್ಟಿದ ಬೆಡ್‌ಫರ್ಡ್ ಚೌಕದ ಸಾಲುಮನೆಗಳಲ್ಲಿ ಅಲಂಕಾರವು ಬಹುಮಟ್ಟಿಗೆ ಬಾಗಿಲ ಸುತ್ತಣ ಕೃತಕ ಶಿಲೆಗೆ ಸೀಮಿತ. ಮಿಕ್ಕ ಚೆಲುವೆಲ್ಲ ಕಿಟಕಿಗಳ ಪ್ರಮಾಣದಿಂದಲೂ ಬರಿಯ ಇಟ್ಟಿಗೆಯ ಬಣ್ಣದಿಂದಲೂ ಹುಟ್ಟಿದುದು. ಮದರಾಸಿಗೆ ಬಂದ ಶೈಲಿಯು ಇಟ್ಟಿಗೆಯ ಮೇಲೆ ಸುಣ್ಣದ ಗಾರೆಯನ್ನು ಮೆತ್ತಿ, ಉಜ್ಜಿ, ಅಮೃತಶಿಲೆಯಂತೆ ಹೊಳೆಯಿಸಿತು. ನೋಟಕ್ಕೆ ಚೆನ್ನು, ಆದರೆ ಇಟ್ಟಿಗೆಯು ತನ್ನ ಮುಖವನ್ನು ಕಳೆದುಕೊಂಡಿತು. ಅದರ ಗುಣವನ್ನು ಇನ್ನು ಒಳಗೆ ಅರಸಬೇಕು.

ಆ ಗುಣವಾವುದೆಂಬುದು ಸಿದ್ದರಬೆಟ್ಟ, ಮಧುಗಿರಿಗಳ ಸೀಮೆಯವರಿಗೆ ಬೇಗ ತಿಳಿದೀತು. ಅದು ಬಂಡೆಯ ನಾಡು. ಅಲ್ಲಿ ಕಂಬ ನಿಲ್ಲಿಸಿ, ತೊಲೆಗಲ್ಲು ಇಟ್ಟು, ಚಪ್ಪಡಿ ಹಾಸಿದರೆ ಮನೆಯೂ ಆಯಿತು, ಗುಡಿಯೂ ಆಯಿತು. ಆದರೆ ಕಲ್ಲು ಹೇರನ್ನು ತಾಳುವಂತೆ ಬಾಗನ್ನು ತಾಳದು. ಆದುದರಿಂದ ಕೆಲವು ಅಡಿಗಳಿಗೊಂದು ಕಂಬವು ಅನಿವಾರ್ಯ. ಶಿರಾದಲ್ಲಿ ದಿಲಾವರ್ ಖಾನನು ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಪ್ರತೀತಿ. ಅಲ್ಲಿಯೂ ಕಂಬಸಾಲುಗಳೇ ಪ್ರಧಾನ, ಕಲ್ಲಿನ ಬದಲು ಮರ. ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿಸಿ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಯೂ ಇದೇ ಜಾತಿಯದು: ಕಲ್ಲುಕಂಬ, ಅದರ ಮೇಲೆ ಕಲ್ಲುಹಾಸು.

ಅದೇ ದ್ವೀಪದಲ್ಲಿ, ಅದೇ ದಶಕದಲ್ಲಿ, ಮದರಾಸಿನ ಸೈನ್ಯದ ಎಂಜಿನಿಯರನಾದ ಥಾಮಸ್ ಫಿಯಟ್ ದ ಹ್ಯಾವಿಲೆಂಡನು ಬೇರೊಂದು ವಾದವನ್ನು ಹೂಡಿದನು. ಇಟ್ಟಿಗೆಯ ಹಿರಿಯ ಕಮಾನುಗಳಿಂದ ಕಾವೇರಿಯನ್ನು ದಾಟಿಸಬಹುದೆಂಬ ಅವನ ಮಾತನ್ನು ಇತರರು ನಂಬದಿರಲು, ಪ್ರತ್ಯಕ್ಷಪ್ರಮಾಣವಾಗಿ ತನ್ನ ಮನೆಯ ತೋಟದಲ್ಲಿಯೇ ಒಂದು ಕಮಾನನ್ನು ಕಟ್ಟಿಸಿದನೆಂದು ಪ್ರಸಿದ್ಧಿ. ಅದರ ಹರಹು ಸುಮಾರು 110 ಅಡಿ, ಏರು ಅತ್ಯಲ್ಪ. ಕಮಾನು ಎಷ್ಟು ಚಪ್ಪಟೆಯೋ ಅಷ್ಟೂ ಹೆಚ್ಚು ಬಲದಿಂದ ತನ್ನ ಎರಡು ಕಡೆಯ ಆಸರೆಗಳನ್ನು ಹೊರಕ್ಕೆ ಒತ್ತುತ್ತದೆಂಬುದನ್ನು ಬಲ್ಲವರಿಗೆ ಈ ಸಾಹಸದ ಅಳತೆ ತಿಳಿಯುತ್ತದೆ. ನದಿಗೆ ಆ ಸೇತುವೆ ಬರಲಿಲ್ಲ. ತೋಟದ ಕಮಾನು ಮಾತ್ರ ನೂರಿಪ್ಪತ್ತೈದು ವರ್ಷಗಳಿಗೂ ಮೇಲೆ ನಿಂತಿದ್ದು 1937ರಲ್ಲಿ ಬಿದ್ದಿತು. ಪೂರ್ಣಯ್ಯನವರ ಸೇತುವೆ ಅದಕ್ಕಿಂತ ಹೆಚ್ಚು ಬಾಳಿದೆಯೆಂದು ಯಾರಾದರೂ ಹೇಳಿದರೆ ಒಪ್ಪುತ್ತೇವೆ. ಆದರೆ ಇಲ್ಲಿ ಪ್ರಶ್ನೆ ಆಯುಸ್ಸಿನದಲ್ಲ, ಹರಹಿನದು.

ಈಗ ಮೈಸೂರಿನ ಹಳೆಯ ರೆಸಿಡೆನ್ಸಿಯನ್ನು ನೋಡೋಣ. ಮಾಲ್ಕಂ, ವಿಲ್ಕ್ಸ್ ಇವರ ಕಾಲದಲ್ಲಿ, 1805ರ ಸುಮಾರಿಗೆ ಎದ್ದ ಮುಂಭಾಗವು ಡೋರಿಕ್ ಕಂಬಗಳದು. ಗಂಭೀರವಾಗಿದೆ, ಪ್ರಮಾಣಬದ್ಧವಾಗಿದೆ, ಆದರೂ ಪುಸ್ತಕದಿಂದ ಕಲಿತ ಪಾಠದಂತಿದೆ. ಹಿಂದುಗಡೆ ದ ಹ್ಯಾವಿಲೆಂಡನು ಸೇರಿಸಿದ ಭೋಜನಶಾಲೆಗೆ ಹೋದರೆ, ಅಷ್ಟು ವಿಸ್ತಾರದ ಕೋಣೆಯಲ್ಲಿ ನಡುವೆ ಕಂಬವೇ ಇಲ್ಲ! ಒಂದೇ ಕಟ್ಟಡದ ಎದುರಿನಲ್ಲಿ ಕಂಬದ ಪ್ರದರ್ಶನ, ಹಿಂದೆ ಕಂಬದ ನಿರಾಕರಣ. ಟೀಕಾಕಾರರು ಮೊದಲನೆಯದನ್ನು ಮಾತ್ರ ಓದಿ ಗ್ರಂಥವನ್ನು ಮುಚ್ಚಿದ್ದಾರೆ. ಪದ್ಯದ ಮಂಗಳಾಚರಣೆಯನ್ನು ಓದಿ ಕವಿಯ ಯೋಗ್ಯತೆಯನ್ನು ನಿರ್ಣಯಿಸಿದಂತಾಯಿತು.

ಈ ಪ್ರಯೋಗಗಳನ್ನು ನಡೆಸಿದ ಅದೇ ಕೈ ಮುಂದೆ ಮದರಾಸಿನಲ್ಲಿ ಸಂತ ಆಂಡ್ರ್ಯೂ ಚರ್ಚನ್ನು ಕಟ್ಟಿ 1821ರಲ್ಲಿ ಪೂರೈಸಿತು. ಅಲ್ಲಿ ಹದಿನಾರು ಕಂಬಗಳು ಇಟ್ಟಿಗೆಯ ಗುಮ್ಮಟವನ್ನು ನಿಜವಾಗಿಯೂ ಹೊರುತ್ತವೆ. ಕಂಬಕ್ಕೂ ಹರಹಿಗೂ ಅಲ್ಲಿ ಸಂಧಿಯಾಯಿತು. ಆ ಗುಮ್ಮಟವನ್ನು ಹೊಗಳುವ ವಾಸ್ತುಚರಿತ್ರೆಯು ಅದರ ಪೂರ್ವಾಭ್ಯಾಸ ನಡೆದ ಶ್ರೀರಂಗಪಟ್ಟಣವನ್ನೂ ಮೈಸೂರನ್ನೂ ಒಂದೆರಡು ವಾಕ್ಯಗಳಲ್ಲಿ ದಾಟಿಬಿಡಬಾರದು. ನಮ್ಮ ವಿದ್ವಾಂಸರು ಮೈಸೂರಿನ ಶಾಲೆಯ ಗೋಡೆಯ ದಪ್ಪವನ್ನೂ ಛಾವಣಿಯ ಕಟ್ಟಣವನ್ನೂ ಅಳೆದು, ನಕ್ಷೆಸಹಿತ ಪ್ರಕಟಿಸಲಿ. ಮುಂಭಾಗದ ಕಂಬಗಳ ಮಾತನ್ನು ಆಮೇಲೆ ಎತ್ತಬಹುದು.