‘ಆ ಸಂದರ್ಭದಲ್ಲಿ’

ಬೆಳಿಗ್ಗೆ ಹಾಲು ಚೆಲ್ಲಿದ ಒಂಬತ್ತರ ಹುಡುಗನಿಗೆ ‘ಇಷ್ಟು ದೊಡ್ಡೋನಾಗಿದ್ದೀಯ, ಗೊತ್ತಾಗಲ್ವಾ?’ ಎಂಬ ಗದರಿಕೆ. ಸಂಜೆ ದೊಡ್ಡವರ ಜಗಳದ ನಡುವೆ ತಾನು ಕಂಡದ್ದನ್ನು ಅವನೇ ಹೇಳಹೊರಟರೆ ‘ಸುಮ್ನಿರು, ನಿಂಗೇನು ಗೊತ್ತಾಗುತ್ತೆ?’ ತಪ್ಪು ಹೊರಿಸುವಾಗ ಮಗು ದೊಡ್ಡದು, ಮಾತು ಕೇಳುವಾಗ ಚಿಕ್ಕದು. ನಮ್ಮ ಮನೆಗಳ ಈ ಅಭ್ಯಾಸ ಕೋರ್ಟಿನ ಬಾಗಿಲ ತನಕ ಹೋಗುತ್ತದೆ.

ಆದರೆ 1860ರ ಭಾರತೀಯ ದಂಡ ಸಂಹಿತೆ ಬರೆದವರು ಇನ್ನೂ ಸೂಕ್ಷ್ಮವಾಗಿ ಯೋಚಿಸಿದ್ದರು. ಏಳು ತುಂಬದ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ಏಳರಿಂದ ಹನ್ನೆರಡರೊಳಗಿನ ಮಗುವಾದರೆ, ತಾನು ಮಾಡುತ್ತಿರುವುದು ಎಂಥದ್ದು, ಅದರಿಂದ ಏನಾದೀತು ಎಂದು ಅಳೆಯುವಷ್ಟು ತಿಳಿವಳಿಕೆ ‘ಆ ಸಂದರ್ಭದಲ್ಲಿ’ ಅದಕ್ಕಿತ್ತೇ ಎಂದು ನೋಡಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ 20 ಮತ್ತು 21ನೇ ಕಲಂಗಳಲ್ಲಿ ಇದನ್ನೇ ಉಳಿಸಿಕೊಂಡಿದೆ. ‘ಆ ಸಂದರ್ಭದಲ್ಲಿ’ ಎಂಬ ಎರಡು ಪದಗಳಲ್ಲಿ ಇಡೀ ಕಲಮಿನ ಜೀವವಿದೆ. ಸಂತೆಯಲ್ಲಿ ಚಿಲ್ಲರೆ ಲೆಕ್ಕ ತಪ್ಪದ ಹತ್ತರ ಹುಡುಗಿಗೆ, ಬಾವಿಕಟ್ಟೆಯ ಮೇಲೆ ತಮ್ಮನನ್ನು ತಳ್ಳುವ ಗಳಿಗೆಯಲ್ಲಿ ಮುಂದಿನದು ಹೊಳೆಯದೇ ಇರಬಹುದು.

ಕಲಂ ಚೆನ್ನಾಗಿದೆ, ಬಳಕೆ ಸೊರಗಿದೆ. ತಿಳಿವಳಿಕೆ ಇರಲಿಲ್ಲವೆಂದು ತೋರಿಸುವ ಹೊರೆ ಮಗುವಿನ ಪಕ್ಷದ ಮೇಲೇ ಬೀಳುತ್ತದೆ. 1950ರಲ್ಲಿ ಒರಿಸ್ಸಾ ಹೈಕೋರ್ಟಿನ ಮುಂದೆ ಬಂದ ಹುಡುಗನಿಗೆ ಹನ್ನೆರಡು ತುಂಬಿರಲಿಲ್ಲ. ‘ತುಂಡು ತುಂಡು ಮಾಡ್ತೀನಿ’ ಎನ್ನುತ್ತ ಚಾಕು ಹಿಡಿದು ಮುನ್ನುಗ್ಗಿ ಕೊಂದಿದ್ದ. ಆ ಮಾತು, ಆ ನಡೆಯಿಂದಲೇ ಅವನಿಗೆ ಪರಿಣಾಮ ಗೊತ್ತಿತ್ತು ಎಂದಿತು ನ್ಯಾಯಾಲಯ. ಈ ತರ್ಕ ಒಪ್ಪುವುದು ಕಷ್ಟ. ಸಿಟ್ಟಿನಲ್ಲಿ ಮಗು ಆಡುವುದು ಬಹುಪಾಲು ದೊಡ್ಡವರಿಂದ ಕೇಳಿಸಿಕೊಂಡದ್ದನ್ನೇ; ಸತ್ತವರು ಮರಳಿ ಬರುವುದಿಲ್ಲ ಎಂಬ ಅರಿವಿಗೆ ಅದು ಸಾಕ್ಷಿಯಾಗದು. ಹದಿನಾರು ದಾಟಿದವರನ್ನು ವಯಸ್ಕರಂತೆ ವಿಚಾರಣೆ ಮಾಡಬೇಕೇ ಎಂದು ನಿರ್ಧರಿಸುವಾಗ ಮನೋವಿಜ್ಞಾನ ಬಲ್ಲವರ ನೆರವು ಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಒಂಬತ್ತರ ಮಗುವಿನ ಮನಸ್ಸನ್ನು ಅಳೆಯುವಾಗ ಆ ನೆರವು ಇನ್ನೂ ಹೆಚ್ಚು ಬೇಕು. 21ನೇ ಕಲಮಿನಲ್ಲಿ ಅದರ ಸುಳಿವೇ ಇಲ್ಲ.

ಸಾಕ್ಷಿ ಕಟಕಟೆಯಲ್ಲಿ ಇದೇ ಕೊರತೆ ಬೇರೆ ರೂಪದಲ್ಲಿ ಕಾಣುತ್ತದೆ. ಸಾಕ್ಷಿ ಹೇಳಲು ಕಾನೂನು ಕನಿಷ್ಠ ವಯಸ್ಸು ಇಟ್ಟಿಲ್ಲ. ಪ್ರಶ್ನೆ ಅರ್ಥವಾಗಬೇಕು, ಉತ್ತರದಲ್ಲಿ ಹುರುಳಿರಬೇಕು, ಅಷ್ಟೇ. ಅದನ್ನು ಪರೀಕ್ಷಿಸಲು ನ್ಯಾಯಾಧೀಶರು ಕೇಳುವುದು ಸಾಮಾನ್ಯವಾಗಿ ಹೆಸರು, ಶಾಲೆ, ಸುಳ್ಳು ಹೇಳಬಹುದೇ ಎಂಬಿಷ್ಟು. ‘ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾನೆ’ ಎನ್ನುವ ಮಗು ಪಾಸಾಗಬಹುದು, ಅಪರಿಚಿತ ಕರಿಕೋಟುಗಳ ಮುಂದೆ ನಾಲಿಗೆ ಒಣಗಿದ ಮಗು ಫೇಲಾಗಬಹುದು. ಕಂಡದ್ದನ್ನು ನೆನಪಿಡುವ ಶಕ್ತಿಗೂ ಈ ಪರೀಕ್ಷೆಗೂ ನಂಟು ತೀರಾ ಕಡಿಮೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ 2012ರ ಪೋಕ್ಸೋ ಕಾಯ್ದೆ ಇಲ್ಲಿ ಮೆಚ್ಚುವ ಹೆಜ್ಜೆ ಇಟ್ಟಿದೆ: ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಬಾಯಿಂದಲೇ ಮಗುವನ್ನು ತಲುಪಬೇಕು, ನಡುನಡುವೆ ಬಿಡುವು ಕೊಡಬೇಕು.

ಮಗುವಿನ ಮಾತು ಕೇಳುವುದು ಒಂದು, ನಂಬುವುದು ಇನ್ನೊಂದು. ಮಧ್ಯಪ್ರದೇಶದಲ್ಲಿ ತಾಯಿಯನ್ನು ತಂದೆಯೇ ಕೊಂದದ್ದನ್ನು ಏಳರ ಹುಡುಗಿಯೊಬ್ಬಳು ಕೋರ್ಟಿನಲ್ಲಿ ಹೇಳಿದ್ದಳು. ಕೆಳಗಿನ ನ್ಯಾಯಾಲಯ ಅವಳನ್ನು ನಂಬಿತು, 2010ರಲ್ಲಿ ಹೈಕೋರ್ಟ್ ಆರೋಪಿಯನ್ನು ಬಿಟ್ಟಿತು. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಅವಳ ಮಾತನ್ನು ಮತ್ತೆ ಎತ್ತಿಹಿಡಿದಾಗ ಅವಳು ಮಗುವಾಗಿ ಉಳಿದಿರಲಿಲ್ಲ.